ಮುಳ್ಳು ನುಡಿದ ಸಾಕ್ಷಿ

ಅಳತೆಯಲ್ಲಿ ಮೋಸ ಮಾಡುವವರಿಗೆ ನಾಗಯ್ಯ ಮೇಷ್ಟ್ರ ಲೋಕದಲ್ಲಿ ಕ್ಷಮೆಯಿರಲಿಲ್ಲ. ಗೋಡೆ ಹಾರಿ ಬರುವ ಕಳ್ಳ ತಾನು ಕಳ್ಳನೆಂಬುದನ್ನು ತನ್ನೊಳಗಾದರೂ ಒಪ್ಪಿಕೊಂಡಿರುತ್ತಾನೆ. ತೂಕದ ಕಲ್ಲಿನ ತಳ ಕೊರೆದವನಿಗೆ ಅಷ್ಟು ಪ್ರಾಮಾಣಿಕತೆಯೂ ಇಲ್ಲ. ಗಿರಾಕಿಯ ಮನೆಮಂದಿಯ ಕ್ಷೇಮ ವಿಚಾರಿಸುತ್ತಲೇ ಅವರ ತಟ್ಟೆಯಿಂದ ಒಂದೊಂದು ತುತ್ತು ಎತ್ತಿಬಿಡುತ್ತಾನೆ. ಚಾಮರಾಜನಗರದ ಹೈಸ್ಕೂಲಿನಲ್ಲಿ ಮೇಷ್ಟ್ರು ಪ್ರತಿ ವರ್ಷ ಅಳತೆ ತೂಕದ ಪಾಠಕ್ಕೆ ಮೊದಲು ಇದನ್ನು ಹೇಳುತ್ತಿದ್ದರು; ಪಾಠ ಮುಗಿದ ಮೇಲೆ ಇನ್ನೊಮ್ಮೆ ಹೇಳುತ್ತಿದ್ದರು. ಆದ್ದರಿಂದ 2007ರ ಆ ಭಾನುವಾರ ಬೆಳಿಗ್ಗೆ, ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಅವರು ಮೊಳದುದ್ದದ ತಂತಿಯ ತುಂಡೊಂದನ್ನು ಹಿಡಿದುಕೊಂಡು ರಾಜಣ್ಣನ ಎಲೆಕ್ಟ್ರಿಕ್ ಅಂಗಡಿಯತ್ತ ದಾಪುಗಾಲು ಹಾಕುತ್ತಿದ್ದುದನ್ನು ಕಂಡವರು, ಇಂದು ಯಾರಿಗೋ ಗ್ರಹಚಾರ ಕಾದಿದೆ ಎಂದುಕೊಂಡಿದ್ದರೆ ಅದರಲ್ಲಿ ತಪ್ಪಿಲ್ಲ.

ಆ ತುಂಡಿನ ಕಥೆ ಇಷ್ಟು. ಮೇಷ್ಟ್ರು ಹವ್ಯಾಸಿ ರೇಡಿಯೋದವರು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ಪಡೆದು, ಮನೆಯಲ್ಲಿ ಕುಳಿತು ಊರೂರಿನವರೊಡನೆ ಗಾಳಿಯಲ್ಲಿ ಮಾತನಾಡುವ ಈ ಹವ್ಯಾಸವನ್ನು ಅವರು ಹಿಂದೆ ಗುಂಡ್ಲುಪೇಟೆಯಲ್ಲಿ ಕೆಲಸದಲ್ಲಿದ್ದಾಗ ಅನೇಕ ಮಕ್ಕಳಿಗೆ ಹೇಳಿಕೊಟ್ಟಿದ್ದರು. ಕೈಗೊಂದು ಮೊಬೈಲು ಬಂದ ಮೇಲೆ ಹೆಚ್ಚಿನವರು ಅದನ್ನು ಮರೆತರು. ಮರೆಯದೆ ಉಳಿದವಳು ಬಟ್ಟೆ ಅಂಗಡಿಯ ಹಿದಾಯತ್ ಉಲ್ಲಾ ಅವರ ಮಗಳು ಸುಮಯ್ಯ. ಈಗ ಬಿ.ಎಸ್ಸಿ. ಓದುತ್ತಿದ್ದಳು. ಪರೀಕ್ಷೆ ಪಾಸು ಮಾಡಿದ್ದಳು, ಪೊಲೀಸು ವಿಚಾರಣೆಯನ್ನೆಲ್ಲ ದಾಟಿ ಲೈಸೆನ್ಸೂ ಕೈಸೇರಿತ್ತು. ಮೈಸೂರಿನ ಹವ್ಯಾಸಿಗಳ ಕ್ಲಬ್ಬು ಹಳೆಯದೊಂದು ರೇಡಿಯೋ ಸೆಟ್ಟನ್ನು ಎರವಲು ಕೊಟ್ಟಿತ್ತು. ಹೋದ ವಾರ ಅವಳು ತಾರಸಿಯ ಬಿದಿರು ಗಳದಿಂದ ಪಕ್ಕದ ತೆಂಗಿನ ಮರಕ್ಕೆ ತಂತಿ ಕಟ್ಟಿ ಆಂಟೆನಾ ಮಾಡಿದಳು. ನಡುವೆ ಕೇಬಲ್ಲು, ಎಡಕ್ಕೊಂದು ತೋಳು, ಬಲಕ್ಕೊಂದು ತೋಳು. ಒಂದೊಂದೂ ಹತ್ತು ಮೀಟರಿನ ಮೇಲೆ ಒಂದು ಗೇಣು ಇರಬೇಕಾದ ಅಳತೆ. ಲೆಕ್ಕವನ್ನು ಮೇಷ್ಟ್ರೇ ಫೋನಿನಲ್ಲಿ ತಾಳೆ ನೋಡಿದ್ದರು. ಆದರೂ ಸೆಟ್ಟಿನ ಗುಂಡಿ ಒತ್ತಿ ಮಾತನಾಡಿದರೆ ಮೂವತ್ತೈದು ಕಿಲೋಮೀಟರು ಆಚೆಯ ಚಾಮರಾಜನಗರಕ್ಕೆ ಅವಳ ದನಿ ಬಾವಿಯ ತಳದಿಂದ ಬಂದಂತೆ ಕೇಳುತ್ತಿತ್ತು. ಮೈಸೂರಿಗಂತೂ ಕೇಳುತ್ತಲೇ ಇರಲಿಲ್ಲ.

ಆ ಭಾನುವಾರ ಹತ್ತು ಗಂಟೆಯ ನೆಟ್ಟಿನಲ್ಲಿ, ಅಂದರೆ ಎಲ್ಲ ಊರಿನ ಹವ್ಯಾಸಿಗಳೂ ಒಂದೇ ಅಲೆಯಲ್ಲಿ ಸೇರಿ ಹಾಜರಿ ಹೇಳುವ ಕೂಟದಲ್ಲಿ, ಸುಮಯ್ಯ ಮೊದಲ ಸಲ ಮಾತನಾಡಬೇಕಿತ್ತು. ಮೇಷ್ಟ್ರು ಕ್ಲಬ್ಬಿನಿಂದ ಆಂಟೆನಾ ಅನಲೈಸರ್ ಎಂಬ ಪುಟ್ಟ ಯಂತ್ರವನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದು, ತೆರಕಣಾಂಬಿಯ ಮೇಲೆ ಬರುವ ಮೊದಲ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿಳಿದರು. ಯಂತ್ರವನ್ನು ಚೀಲದಿಂದ ತೆಗೆಯುವ ಮೊದಲೇ ಅವರ ಕಣ್ಣಿಗೆ ಬಿದ್ದದ್ದು ಸುಮಯ್ಯಳ ಮನೆಯ ಕಿಟಕಿಯ ಮೇಲೆ ಸುತ್ತಿಟ್ಟಿದ್ದ ಆ ಮಿಕ್ಕ ತುಂಡು.

ತಂದ ತಂತಿ ಎಷ್ಟೆಂದು ಕೇಳಿದರು. ಇಪ್ಪತ್ತೆರಡು ಮೀಟರು ಎಂದಳು ಸುಮಯ್ಯ. ಹಾಗಿದ್ದರೆ ಒಂದೂವರೆ ಮೀಟರಿಗೂ ಮೇಲ್ಪಟ್ಟು ಉಳಿಯಬೇಕಲ್ಲ ಎಂದರು ಮೇಷ್ಟ್ರು. ತೋಳುಗಳನ್ನು ಅಳೆದವರು ಯಾರು? ಅಬ್ಬಾ, ಅಂದರೆ ಅವಳ ತಂದೆ, ಅಂಗಡಿಯ ಮೀಟರ್ ಕೋಲಿನಲ್ಲಿ. ಅಲ್ಲಿಗೆ ಮೇಷ್ಟ್ರ ವಿಚಾರಣೆ ಮುಗಿಯಿತು. ಹಿದಾಯತ್ ಉಲ್ಲಾ ಅವರ ಮೀಟರ್ ಕೋಲನ್ನು ಅನುಮಾನಿಸುವುದು ಸೂರ್ಯೋದಯವನ್ನು ಅನುಮಾನಿಸಿದಂತೆ. ಮೇಷ್ಟ್ರು ತಾವು ತೊಟ್ಟಿದ್ದ ಬಿಳಿ ಅಂಗಿಯ ಬಟ್ಟೆಯನ್ನೂ ಅಲ್ಲಿಯೇ ಕೊಂಡಿದ್ದರು. ಅಲ್ಲಿಂದ ತಂದ ಬಟ್ಟೆಯಲ್ಲಿ ದರ್ಜಿ ಯಾವಾಗಲೂ ಒಂದು ಜೇಬು ಹೆಚ್ಚಿಗೆ ಹೊಲಿದುಕೊಡುತ್ತಿದ್ದ. ಅದು ಹೇಗೆ ಸಾಧ್ಯವಾಗುತ್ತಿತ್ತೆಂದು ಅಳತೆಯ ಬಗ್ಗೆ ಅಷ್ಟೆಲ್ಲ ಪಾಠ ಮಾಡುತ್ತಿದ್ದ ಅವರು ಒಂದು ಸಲವೂ ಯೋಚಿಸಿರಲಿಲ್ಲ. ಉಳಿದವನು ತಂತಿ ಮಾರಿದ ರಾಜಣ್ಣ. ಅಳತೆಯಲ್ಲಿ ಒಂದು ಮೀಟರು ನುಂಗಿದವನು ಮಾಲಿನಲ್ಲಿ ಸುಮ್ಮನಿರುತ್ತಾನೆಯೇ? ಹೊದಿಕೆಯೊಳಗೆ ಎಳೆ ಕಡಿದ ಹಳೆಯ ಸರಕನ್ನು ಹುಡುಗಿಗೇನು ತಿಳಿಯುತ್ತದೆಂದು ದಾಟಿಸಿರುತ್ತಾನೆ. ದನಿ ಬಾವಿಗೆ ಬೀಳದೆ ಇನ್ನೇನಾಗಬೇಕು?

ಸುಮಯ್ಯ, ಮೊದಲು ಯಂತ್ರ ಹಚ್ಚಿ ನೋಡೋಣ ಸರ್ ಎಂದಳು. ಅವಳ ತಾಯಿ ನಾಸಿರಾ, ಚಹಾ ಆದರೂ ಕುಡಿದು ಹೋಗಿ ಎಂದರು. ಅನ್ಯಾಯದ ಮುಂದೆ ಚಹಾ ಎಂಥದು? ಮೇಷ್ಟ್ರು ಆಗಲೇ ಮೆಟ್ಟಿಲಿಳಿದಿದ್ದರು.

ರಾಜಣ್ಣನ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಮುಂದೆ ನಿಂತಿದ್ದವಳು ಹಂಗಳದ ಪುಟ್ಟಬಸಮ್ಮ. ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಪರೀಕ್ಷಿಸುತ್ತಿದ್ದಳು.

“ರಾಜಣ್ಣ, ನಿಮ್ಮ ಅಂಗಡಿಯಲ್ಲಿ ಮೀಟರಿಗೆ ಎಷ್ಟು ಸೆಂಟಿಮೀಟರು?” ಎಂದು ಮೇಷ್ಟ್ರು ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಕೇಳಿದರು.

ರಾಜಣ್ಣ ಗಾಬರಿಯಿಂದ ಎದ್ದುನಿಂತ. “ನೂರು ಕಣಿ ಮೇಷ್ಟ್ರೇ. ಎಂಟ್ನೇ ಕ್ಲಾಸಲ್ಲಿ ನೀವೇ ಕಲ್ಸಿದ್ದು.”

“ಕಲಿಸಿದ್ದೆ. ನೀವು ಕಲಿತಂತೆ ಕಾಣಲಿಲ್ಲ.”

ಆಮೇಲೆ ಮೇಷ್ಟ್ರು ಹೇಳಿದ್ದನ್ನೆಲ್ಲ ಇಲ್ಲಿ ಬರೆಯಬೇಕಾಗಿಲ್ಲ. ತುಂಡನ್ನು ಎತ್ತಿ ತೋರಿಸಿದರು, ಲೆಕ್ಕವನ್ನು ಬಾಯಲ್ಲೇ ಕೂಡಿ ಕಳೆದರು, ಒಂದು ಮೀಟರಿಗೂ ಮಿಕ್ಕ ತಂತಿ ಎಲ್ಲಿ ಹೋಯಿತೆಂದು ಕೇಳಿದರು, ವ್ಯಾಪಾರವೆಂಬುದು ಊರು ಇಟ್ಟ ನಂಬಿಕೆಯೆಂದು ವಿವರಿಸಿದರು. ಗಿರಾಕಿಗಳು ಮೊದಲು ಮೇಷ್ಟ್ರನ್ನು ನೋಡಿದರು, ಆಮೇಲೆ ರಾಜಣ್ಣನನ್ನು, ಆಮೇಲೆ ತಮ್ಮ ತಮ್ಮ ಕೈಯ ಸಾಮಾನನ್ನು. ಪುಟ್ಟಬಸಮ್ಮ ಬಲ್ಬನ್ನು ಮೆಲ್ಲಗೆ ಕೆಳಗಿಟ್ಟಳು.

“ಓದ್ ಸಲ ನಾನೂವೆ ಇವ್ರ ತಾವೇ ವೈರು ತಕ್ಕೊಂಡೋಗಿದ್ದೆ. ಕೊಟ್ಗೆ ಗಂಟ ಬರ್ನೇ ಇಲ್ಲ ಕಣಪ್ಪ ಅದು,” ಎಂದು ಅವಳು ಪಕ್ಕದವನಿಗೆ ಹೇಳಿದಳು. ಹೇಳಿ, ಬಲ್ಬನ್ನು ಕೊಳ್ಳದೆಯೇ ಹೊರಟಳು. ಅವಳ ಹಿಂದೆ ಉಳಿದವರೂ ಹೊರಟರು.

ರಾಜಣ್ಣ ಕಿರುಚಾಡಲಿಲ್ಲ. ಅವನ ಮುಖ ಕಪ್ಪಿಟ್ಟಿತ್ತು. “ನಾನು ಅಳ್ದೇ ಕೊಟ್ಟಿವ್ನಿ ಮೇಷ್ಟ್ರೇ. ನೀವು ನಾಕು ಜನದ ಮುಂದೆ ಕಳ್ಳ ಅಂದ್ಬುಟ್ರಿ. ಸುಳ್ಳು ಅಂತ ಗೊತ್ತಾದ್ರೆ ಇದ್ನ ಎಂಗೆ ವಾಪಸ್ ತಕ್ಕೊಂಡೀರಿ?”

ಆ ಪ್ರಶ್ನೆ ಮೇಷ್ಟ್ರಿಗೆ ನಾಟಿತು. ಅದು ನ್ಯಾಯವಾದ ಪ್ರಶ್ನೆ. “ಜನರ ಮುಂದೆ ಹೇಳಿದ್ದನ್ನು ಜನರ ಮುಂದೆಯೇ ವಾಪಸು ಪಡೆಯುತ್ತೇನೆ,” ಎಂದರು. “ಬನ್ನಿ, ನೀವೇ ಬಂದು ನೋಡಿ. ನನ್ನ ಹತ್ತಿರ ಒಂದು ಯಂತ್ರವಿದೆ. ಅದಕ್ಕೆ ನೀವೂ ನೆಂಟರಲ್ಲ, ನಾನೂ ನೆಂಟನಲ್ಲ.”

ರಾಜಣ್ಣ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಹಿಂಬಾಲಿಸಿದ.

ಹಿದಾಯತ್ ಉಲ್ಲಾ ಅವರ ತಾರಸಿಯಿಂದ ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ನೀಲಿಯಾಗಿ ಕಾಣುತ್ತಿತ್ತು. ಕೆಳಗೆ ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳು ಹಾರನ್ನು ಹಾಕುತ್ತ ಹೋಗುತ್ತಿದ್ದವು. ಹಿದಾಯತ್ ಉಲ್ಲಾ ಸಹಿತ ಮನೆಯವರೆಲ್ಲ ಮೇಲೆ ಬಂದು ನಿಂತಿದ್ದರು. ಮೇಷ್ಟ್ರು ಚೀಲದಿಂದ ಅನಲೈಸರನ್ನು ತೆಗೆದು ನೀರಿನ ತೊಟ್ಟಿಯ ಮುಚ್ಚಳದ ಮೇಲಿಟ್ಟರು. ಇಟ್ಟಿಗೆಯಷ್ಟು ದಪ್ಪದ ಪೆಟ್ಟಿಗೆ. ಅಂಕಿ ತೋರಿಸುವ ಒಂದು ಗಾಜು, ಮುಳ್ಳು ಆಡುವ ಎರಡು ಗಡಿಯಾರದಂಥ ಮುಖಗಳು, ತಿರುಗಿಸಲು ಒಂದು ಗುಬುಟು. ಹೊಟ್ಟೆಯ ತುಂಬ ಬ್ಯಾಟರಿ ಸೆಲ್ಲುಗಳು.

ಆರೋಪಿಗೆ ಸಾಕ್ಷಿಯ ಪರಿಚಯ ಮಾಡಿಕೊಡಬೇಕಾದದ್ದು ಧರ್ಮವೆಂದು ಮೇಷ್ಟ್ರು ರಾಜಣ್ಣನಿಗೆ ಎಲ್ಲವನ್ನೂ ವಿವರಿಸಿದರು. ಪ್ರತಿಯೊಂದು ಆಂಟೆನಾಕ್ಕೂ ತನ್ನದೇ ಒಂದು ಶ್ರುತಿಯಿರುತ್ತದೆ. ಈ ಯಂತ್ರವು ಕೇಬಲ್ಲಿನೊಳಕ್ಕೆ ಒಂದು ಸಣ್ಣ ಅಲೆಯನ್ನು ಕಳಿಸಿ, ಅದರಲ್ಲಿ ಎಷ್ಟು ವಾಪಸು ಬಂತೆಂದು ನೋಡುತ್ತದೆ. ಆಂಟೆನಾ ಒಲ್ಲೆನೆಂದು ತಳ್ಳಿದರೆ ಮುಳ್ಳು ಮೇಲೇಳುತ್ತದೆ. ಸ್ವೀಕರಿಸಿದರೆ ಕೆಳಗಿಳಿದು ಮಲಗುತ್ತದೆ. ಗುಬುಟು ತಿರುಗಿಸುತ್ತ ಹೋಗಿ ಮುಳ್ಳು ಎಲ್ಲಿ ಮಲಗಿತೋ ಅದೇ ಆ ಆಂಟೆನಾದ ಶ್ರುತಿ. ನಮಗೆ ಬೇಕಾದದ್ದು ಏಳು ಮೆಗಾಹರ್ಟ್ಸು. ತಂತಿ ಗಿಡ್ಡವಾದರೆ ಶ್ರುತಿ ಏಳರ ಮೇಲೆ ಹೋಗುತ್ತದೆ, ಉದ್ದವಾದರೆ ಕೆಳಗೆ. ಎಳೆ ಕಡಿದಿದ್ದರೆ ಕಡಿದ ಜಾಗದವರೆಗಿನ ತಂತಿಯಷ್ಟೇ ಲೆಕ್ಕ, ಅದೂ ಗಿಡ್ಡವೇ.

“ಅಂದ್ರೆ ನಾನು ಕಳ್ಳ ಆದ್ರೆ ಮೇಲ್ಕೆ,” ಎಂದ ರಾಜಣ್ಣ.

“ಮೇಲಕ್ಕೆ,” ಎಂದರು ಮೇಷ್ಟ್ರು.

ಕೇಬಲ್ಲನ್ನು ಯಂತ್ರಕ್ಕೆ ತಿರುಚಿ, ಗುಬುಟನ್ನು ಏಳಕ್ಕೆ ತಂದರು. ಮುಳ್ಳು ಎತ್ತರದಲ್ಲಿ ಬಿಗಿದು ನಿಂತಿತು. ನೋಡಿದಿರಾ ಎಂಬಂತೆ ಮೇಷ್ಟ್ರು ರಾಜಣ್ಣನ ಕಡೆ ನೋಡಿ, ಗುಬುಟನ್ನು ಮೇಲಕ್ಕೆ ತಿರುಗಿಸತೊಡಗಿದರು. ಮುಳ್ಳು ಇಳಿಯಲಿಲ್ಲ, ಇನ್ನಷ್ಟು ಏರಿತು. ಏಳೂವರೆ ದಾಟಿತು, ಎಂಟು ದಾಟಿತು. ಮುಳ್ಳು ಅಂಚಿಗೆ ಒರಗಿ ಅಲ್ಲಾಡದೆ ನಿಂತಿತು. ಮೇಷ್ಟ್ರು ಹುಬ್ಬು ಗಂಟಿಕ್ಕಿ, ತಂತಿ ತುಂಬಾ ಕಡೆ ಕಡಿದಿರಬೇಕು ಎಂದು ಗೊಣಗಿ ಒಂಬತ್ತರತ್ತ ಹೊರಟರು.

ಸುಮಯ್ಯ ಇಷ್ಟು ಹೊತ್ತೂ ಗೌರವದಿಂದ ಸುಮ್ಮನಿದ್ದಳು. ಗೌರವಕ್ಕೂ ಒಂದು ಮಿತಿಯಿದೆ. ಕೆಳಗೆ ಸೆಟ್ಟಿನ ಪಕ್ಕದ ಗಡಿಯಾರ ಹತ್ತರ ಹತ್ತಿರ ಬರುತ್ತಿತ್ತು.

“ಸರ್, ಒಂದೇ ಕಡೆ ಹುಡುಕ್ತಿದ್ದೀರಿ. ಈ ಕಡೆಗೂ ತಿರುಗಿಸಿ.”

“ಆ ಕಡೆ ಏನಿರುತ್ತದಮ್ಮಾ?”

“ಗೊತ್ತಿಲ್ಲ ಸರ್. ಗೊತ್ತಿಲ್ಲದಾಗ ಎರಡೂ ಕಡೆ ನೋಡ್ಬೇಕು ಅಂತ ಲ್ಯಾಬಲ್ಲಿ ನೀವೇ ಬೈದಿದ್ರಿ.”

ಮೇಷ್ಟ್ರು ಯಂತ್ರವನ್ನು ಅವಳ ಕೈಗೆ ಕೊಟ್ಟರು. ಅವಳು ಗುಬುಟನ್ನು ಹಿಂದಕ್ಕೆ ತಂದು, ಏಳನ್ನು ದಾಟಿಸಿ, ಇನ್ನೂ ಕೆಳಕ್ಕೆ, ಉಸಿರು ಹಿಡಿದು, ಕೂದಲೆಳೆಯಷ್ಟೇ ತಿರುಗಿಸುತ್ತ ಹೋದಳು. ಆರೂಮುಕ್ಕಾಲನ್ನು ತುಸು ದಾಟುತ್ತಿದ್ದಂತೆ ಅಷ್ಟು ಹೊತ್ತು ಹಟ ಹಿಡಿದು ನಿಂತಿದ್ದ ಮುಳ್ಳು ಸಲೀಸಾಗಿ ಇಳಿದು, ಕೆಳಗೆ ಮಲಗಿಬಿಟ್ಟಿತು.

ರಾಜಣ್ಣ ಮುಳ್ಳನ್ನೂ ಮೇಷ್ಟ್ರ ಮುಖವನ್ನೂ ನೋಡಿದ.

“ಕೆಳಕ್ಕೆ ಓಯ್ತಲ್ಲ ಮೇಷ್ಟ್ರೇ. ಇದಕ್ಕೇನು ಅರ್ಥ?”

ಸತ್ಯವನ್ನು ಹೇಳಲು ತಡಮಾಡಬಾರದೆಂದು ಮಕ್ಕಳಿಗೆ ಬೋಧಿಸಿದವರು ಈಗ ಗುಬುಟನ್ನು ತಾವೇ ಎರಡು ಸಲ ಆಡಿಸಿ ನೋಡಿದರು. “ತಂತಿ ಉದ್ದವಾಗಿದೆ.”

“ಉದ್ದ ಕೊಟ್ಟು ಮೋಸ ಮಾಡ್ಬುಟ್ಟೆ ಅನ್ನಿ.”

ತಂತಿಯನ್ನು ಕೆಳಗಿಳಿಸಿದರು. ಕೊಂಡಿಗಳನ್ನು ಬಿಚ್ಚಿ, ತಾರಸಿಯ ಮೇಲೆ ನೇರವಾಗಿ ಹಾಸಿ, ಟೇಪು ಹಿಡಿದು ಅಳೆದರು. ಮೇಷ್ಟ್ರೇ ಮಂಡಿಯೂರಿ ಅಳೆದರು. ಒಂದೊಂದು ತೋಳೂ ಇರಬೇಕಾದದ್ದಕ್ಕಿಂತ ಒಂದು ಮೊಳಕ್ಕೂ ಮಿಕ್ಕಿ ಉದ್ದವಾಗಿತ್ತು. ಎರಡೂ ತೋಳು, ಮಿಕ್ಕ ತುಂಡು, ಎಲ್ಲವನ್ನೂ ಕೂಡಿಸಿದರೆ ಸರಿಯಾಗಿ ಇಪ್ಪತ್ತೆರಡು ಮೀಟರು. ರಾಜಣ್ಣ ಕೊಟ್ಟದ್ದರಲ್ಲಿ ಕೂದಲಷ್ಟೂ ಕಡಿಮೆಯಿರಲಿಲ್ಲ.

ಹಾಗಾದರೆ ತಪ್ಪಿದ ಕೈ ಯಾರದು? ಹಿದಾಯತ್ ಉಲ್ಲಾ ಎದೆ ಮುಟ್ಟಿಕೊಂಡು, ಕೋಲಿಟ್ಟು ಅಳೆದಿದ್ದೇನೆ ಮೇಷ್ಟ್ರೇ, ಹತ್ತಕ್ಕೆ ಹತ್ತು ಎಣಿಸಿದ್ದೇನೆ, ಮೇಲಿನ ಗೇಣನ್ನೂ ಟೇಪಲ್ಲಿ ನೋಡಿಯೇ ಸೇರಿಸಿದ್ದೇನೆ ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಅವರ ಕೋಲನ್ನು ತರಿಸಿ ಟೇಪಿನ ಪಕ್ಕದಲ್ಲಿಟ್ಟರು, ಅದೂ ನಿಖರ. ಮೇಷ್ಟ್ರಿಗೆ ತಲೆ ತಿರುಗಿತು. ಅಳತೆಯ ಮೋಸಗಾರರ ಎಲ್ಲ ತಂತ್ರಗಳೂ ಅವರಿಗೆ ತಿಳಿದಿದ್ದವು. ಆದರೆ ಆ ತಂತ್ರಗಳೆಲ್ಲ ಕಡಿಮೆ ಮಾಡುವುದಕ್ಕೆ ಹುಟ್ಟಿದವು. ಹೆಚ್ಚು ಮಾಡಲು ಯಾರು ತಾನೇ ತಂತ್ರ ಹೂಡುತ್ತಾರೆ?

“ಇನ್ನೊಂದು ಸಲ ಅಳೆಯಿರಿ,” ಎಂದರು. “ನಾವು ನೋಡುತ್ತೇವೆ.”

ಹಿದಾಯತ್ ಉಲ್ಲಾ ತೊಟ್ಟಿಯ ಮುಚ್ಚಳವನ್ನೇ ಗಲ್ಲಾ ಮುಂದಿನ ಹಲಗೆಯೆಂದುಕೊಂಡು ತಂತಿಯನ್ನು ಬಟ್ಟೆಯಂತೆ ಎಳೆದುಕೊಂಡರು. ಕೋಲಿಟ್ಟರು. ಕೋಲಿನ ತುದಿಗೆ ಎರಡು ಬೆರಳಿಟ್ಟರು. ಬೆರಳಿನಾಚೆಯಿಂದ ಮುಂದಿನ ಮೀಟರನ್ನು ಹಿಡಿದರು. ಮತ್ತೆ ಕೋಲು, ಮತ್ತೆ ಎರಡು ಬೆರಳು. ಹತ್ತೂ ಆದ ಮೇಲೆ, ಕತ್ತರಿಸುವ ಜಾಗ ಗುರುತಿಸುವಾಗ, ಅವರ ಅಂಗೈ ತಾನಾಗಿಯೇ ಅಗಲವಾಗಿ ಬಿಚ್ಚಿಕೊಂಡು ಕೊನೆಯಲ್ಲಿ ಒಂದು ಗೇಣನ್ನು ಸೇರಿಸಿತು. ಲೆಕ್ಕದ ಗೇಣಿನ ಮೇಲೆ ಇದು ಇನ್ನೊಂದು ಗೇಣು. ಮುಖದಲ್ಲಿ ಅದರ ಅರಿವಿನ ಕುರುಹೂ ಇರಲಿಲ್ಲ.

ಮೊದಲು ನಕ್ಕವರು ನಾಸಿರಾ. ಸೆರಗನ್ನು ಬಾಯಿಗೊತ್ತಿಕೊಂಡು, “ಕೊಸರು ಹಾಕ್ಬಿಟ್ಟಿದ್ದಾರೆ. ಮಗಳಿಗೂ ಕೊಸರು!” ಎಂದರು.

ಸಂಗತಿ ಹೀಗೆ. ಅವರ ಅಂಗಡಿಯಲ್ಲಿ ಹಿದಾಯತ್ ಉಲ್ಲಾ ಅವರ ತಂದೆಯ ಕಾಲದಿಂದ ಒಂದು ಪದ್ಧತಿ: ಕೊಟ್ಟ ಅಳತೆ ದೇವರೆದುರು ಕಡಿಮೆಯಾಗಬಾರದು, ಆದ್ದರಿಂದ ಪ್ರತಿ ಮೀಟರಿಗೆ ಎರಡು ಬೆರಳು, ಬಟ್ಟೆಯ ಕೊನೆಗೆ ಒಂದು ಗೇಣು ಕೊಸರು. ಹುಡುಗನಾಗಿದ್ದಾಗ ಅದನ್ನು ಮರೆತಿದ್ದಕ್ಕೆ ತಂದೆಯಿಂದ ಕೋಲಿನ ಪೆಟ್ಟನ್ನೂ ತಿಂದಿದ್ದರಂತೆ. ಆಮೇಲೆ ಕೈ ಕಲಿತುಬಿಟ್ಟಿತು, ತಲೆ ಮರೆತುಬಿಟ್ಟಿತು. ಮೇಷ್ಟ್ರ ಕೈ ಅವರಿಗರಿವಿಲ್ಲದೆ ಬಿಳಿ ಅಂಗಿಯ ಆ ಹೆಚ್ಚಿನ ಜೇಬನ್ನು ಮುಟ್ಟಿಕೊಂಡಿತು.

ಹತ್ತಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಕಟಿಂಗ್ ಪ್ಲೇಯರು ಎಲ್ಲಿ, ಹೆಚ್ಚಿನದನ್ನು ಕತ್ತರಿಸೋಣ ಎಂದರು ಮೇಷ್ಟ್ರು. ಈಗ ಹಿದಾಯತ್ ಉಲ್ಲಾ ತಂತಿಯ ಮೇಲೆ ಕೈಯಿಟ್ಟರು.

“ಬೇಡಿ ಮೇಷ್ಟ್ರೇ. ಕೊಟ್ಟ ಕೊಸರನ್ನು ಕತ್ತರಿಸಿ ವಾಪಸ್ ತಗೊಂಡ ಕೈ ನಮ್ಮ ಅಂಗಡೀಲಿಲ್ಲ.”

“ಅದು ನಿಮ್ಮ ಮಗಳ ಆಂಟೆನಾ ಕಣ್ರೀ, ಗಿರಾಕಿಯದಲ್ಲ.”

“ಮಗಳಿಗೆ ಕೊಟ್ಟಿದ್ದನ್ನು ಕಿತ್ಕೋಬಹುದು ಅಂತ ಯಾವ ಪಾಠದಲ್ಲಿದೆ?”

ಇಬ್ಬರು ತತ್ತ್ವವಂತರು ಎದುರುಬದುರಾದರೆ ಕೆಲಸ ನಿಂತೇಹೋಗುತ್ತದೆ. ಆಗ ಬೇಕಾಗುವುದು ಗಡಿಯಾರ ನೋಡುವ ಒಬ್ಬಳು. ಸುಮಯ್ಯ, “ಕತ್ತರಿಸೋದು ಯಾಕೆ? ಬೆಳೆಯೋ ಮಕ್ಕಳ ಲಂಗಕ್ಕೆ ಅಮ್ಮಿ ಮಾಡಿದ ಹಾಗೆ ಮಡಿಸಿದ್ರಾಯ್ತು,” ಎಂದಳು. ಹೇಳುತ್ತಲೇ ಒಂದೊಂದು ತುದಿಯಿಂದಲೂ ಒಂದು ಮೊಳ ತಂತಿಯನ್ನು ಹಿಂದಕ್ಕೆ ಮಡಿಸಿ, ತಂತಿಯ ಮೈಗೇ ಬಿಗಿಯಾಗಿ ಸುತ್ತಿದಳು. ಹಾಗೆ ಮಡಿಸಿ ಸುತ್ತಿದ ಭಾಗವನ್ನು ಅಲೆ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಮೇಷ್ಟ್ರಿಗೂ ತಿಳಿದಿತ್ತು. ಕತ್ತರಿಯ ಆತುರದಲ್ಲಿ ಹೊಳೆದಿರಲಿಲ್ಲ, ಅಷ್ಟೆ.

ರಾಜಣ್ಣ ಗಳ ಹತ್ತಿದ, ಹಿದಾಯತ್ ಉಲ್ಲಾ ಹಗ್ಗ ಎಳೆದರು, ಮೇಷ್ಟ್ರು ಅನಲೈಸರಿನ ಮುಂದೆ ಕುಳಿತು ಮುಳ್ಳು ನೋಡಿ ಕೂಗಿದರು. ಶ್ರುತಿ ಆರೂಮುಕ್ಕಾಲು ದಾಟಿ ಮೇಲೆ ಬಂತು. ಇನ್ನೊಂದು ಮಡಿಕೆ. ಇನ್ನೂ ಬಂತು. ಇನ್ನು ಎರಡು ಬೆರಳು ಎಂದು ಮೇಷ್ಟ್ರು ಕೂಗಿದಾಗ ರಾಜಣ್ಣ ಗಳದ ಮೇಲಿಂದ, “ಸಾಬ್ರ ಬೆಳ್ಳೋ, ನಿಮ್ ಬೆಳ್ಳೋ?” ಎಂದು ಕೇಳಿದ. ಕೊನೆಗೆ ಏಳರ ಮೇಲೆ ಒಂದು ಕಾಳಿನಷ್ಟು ಆಚೆ ಮುಳ್ಳು ಬಂದು ಮಲಗಿತು. ಗುಬುಟನ್ನು ಅತ್ತಿತ್ತ ಆಡಿಸಿದರೂ ಆ ಜಾಗಕ್ಕೇ ವಾಪಸು ಬಂದು ಮಲಗಿತು.

ಎಲ್ಲರೂ ಕೆಳಗೋಡಿದರು. ನೆಟ್ಟು ಶುರುವಾಗಿತ್ತು. ಮೈಸೂರಿನಿಂದ ಅದನ್ನು ನಡೆಸುತ್ತಿದ್ದವರು ಮರಿಮಲ್ಲಪ್ಪ ಎಂಬ ಹಿರಿಯರು. ಗಾಳಿಯ ಮೇಲೆ ಶಿಸ್ತಿಗೆ ಹೆಸರಾದವರು. ಮಂಡ್ಯ, ಹಾಸನಗಳ ಹಾಜರಿ ಮುಗಿದು, ಇನ್ನು ಯಾರಾದರೂ ಇದ್ದೀರಾ ಎಂದು ಅವರು ಕೇಳಿದಾಗ ಸುಮಯ್ಯ ಮೈಕಿನ ಗುಂಡಿಯೊತ್ತಿ, ವಿಯು ಮೂರು ಎಂದು ಶುರುವಾಗುವ ತನ್ನ ಕರೆಸಂಕೇತವನ್ನು ಬಿಡಿಬಿಡಿಯಾಗಿ ಹೇಳಿದಳು. ಗುಂಡಿ ಬಿಟ್ಟೊಡನೆ ಕೋಣೆಯ ಐದು ಜನರೂ ಸ್ಪೀಕರಿನತ್ತ ಬಾಗಿದರು.

“ಗುಂಡ್ಲುಪೇಟೆಯ ಹೊಸ ನಿಲ್ದಾಣಕ್ಕೆ ಸ್ವಾಗತ,” ಎಂದಿತು ಸ್ಪೀಕರು. “ಪಕ್ಕದಲ್ಲಿ ಕೂತು ಮಾತನಾಡಿದಂತೆ ಕೇಳುತ್ತಿದೆಯಮ್ಮ. ನಿಮ್ಮ ಆಂಟೆನಾ ಯಾವುದು?”

ಸುಮಯ್ಯ ಮೇಷ್ಟ್ರ ಕಡೆಗೊಮ್ಮೆ ನೋಡಿದಳು. ಆಮೇಲೆ ತಾನೇ ಕಟ್ಟಿದ ಎರಡು ತೋಳಿನ ಡೈಪೋಲೆಂದೂ, ಎರಡೂ ತುದಿಯಲ್ಲಿ ಕೊಸರು ಮಡಿಸಿದೆಯೆಂದೂ, ತಂತಿ ರಾಜಣ್ಣನವರ ಅಂಗಡಿಯದು, ಅದರ ಅಳತೆ ಸೆಂಟಿಮೀಟರಿಗೂ ಸರಿಯಾಗಿದೆಯೆಂದೂ ಹೇಳಿದಳು.

ಸ್ಪೀಕರಿನ ದನಿ ಬಿಗಿಯಾಯಿತು. ಹವ್ಯಾಸಿಗಳ ಅಲೆಯ ಮೇಲೆ ಅಂಗಡಿಯ ಜಾಹೀರಾತು ನಿಷಿದ್ಧವೆಂದು ಹೊಸಬರು ತಿಳಿದಿರಬೇಕು ಎಂದಿತು. ಇದೇ ಮಾತನ್ನು ನಾಗಯ್ಯ ಮೇಷ್ಟ್ರು ಎಷ್ಟು ಜನರಿಗೆ ಹೇಳಿ ಗದರಿಸಿದ್ದರೋ ಲೆಕ್ಕವಿಲ್ಲ. ಅವರು ಮೈಕನ್ನು ತೆಗೆದುಕೊಂಡು, ತಮ್ಮ ಕರೆಸಂಕೇತ ಹೇಳಿ, “ಮರಿಮಲ್ಲಪ್ಪನವರೇ, ಇದು ಜಾಹೀರಾತಲ್ಲ, ಸಾಕ್ಷಿ,” ಎಂದರು. “ಇಂದು ಬೆಳಿಗ್ಗೆ ನಾನು ಒಬ್ಬ ಪ್ರಾಮಾಣಿಕನನ್ನು ನಾಲ್ಕು ಜನರ ಮುಂದೆ ಕಳ್ಳನೆಂದೆ. ತಪ್ಪು ನನ್ನದು. ಅದನ್ನು ಎಲ್ಲರೂ ಕೇಳುವಲ್ಲಿ ಹೇಳುತ್ತಿದ್ದೇನೆ.”

ಸ್ಪೀಕರು ಒಮ್ಮೆ ಸುಯ್‌ಗುಟ್ಟಿತು. ಬಳಿಕ, ದಾಖಲಿಸಿಕೊಂಡಿದ್ದೇವೆ ಎಂದಿತು.

ಮೇಷ್ಟ್ರು ಹಗುರವಾದ ಮನಸ್ಸಿನಿಂದ ರಾಜಣ್ಣನ ಕಡೆ ತಿರುಗಿದರು. ರಾಜಣ್ಣ ಚಹಾ ಹೀರುತ್ತಿದ್ದ.

“ಮಂಡ್ಯದೋರು, ಆಸನದೋರು ಕೇಳುಸ್ಕೊಂಡ್ರು, ಸಂತೋಸ ಕಣಿ. ಆದ್ರೆ ಬಲ್ಬು ಇಟ್ಬುಟ್ಟು ಓದದ್ದು ಅಂಗಳದ ಪುಟ್ಟಬಸಮ್ಮ. ಅವ್ಳ ತಾವು ರೇಡಿಯೋ ಇಲ್ವಲ್ಲ ಮೇಷ್ಟ್ರೇ.”

ನ್ಯಾಯವಾದ ಮಾತು. ಮೇಷ್ಟ್ರು ಚಹಾ ಮುಗಿಸದೆ ಎದ್ದರು. ಅನಲೈಸರನ್ನು ಎದೆಗವಚಿಕೊಂಡು, ರಾಜಣ್ಣನನ್ನು ಜೊತೆಗೆ ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಹಂಗಳದ ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯ ಪಕ್ಕ ಕುಳಿತಿದ್ದ ಪುಟ್ಟಬಸಮ್ಮನಿಗೂ, ಅವಳ ಮೂಲಕ ಇಡೀ ಬಸ್ಸಿಗೂ ಕೇಳುವಂತೆ ಅವರು ತಂತಿಯ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದರು. ರಾಜಣ್ಣನಲ್ಲಿ ಲವಲೇಶವೂ ದೋಷವಿಲ್ಲ, ದೋಷವೆಲ್ಲ ತಮ್ಮ ಆತುರದ್ದು ಎಂದರು. ಪೆಟ್ಟಿಗೆಯ ಮುಳ್ಳನ್ನು ತೋರಿಸಿದರು. ಹಿದಾಯತ್ ಉಲ್ಲಾ ಅವರ ಎರಡು ಬೆರಳು, ಕೊನೆಯ ಗೇಣು, ಇವನ್ನೂ ಬಿಡಲಿಲ್ಲ. ಸತ್ಯವನ್ನು ಹೇಳಹೊರಟ ಮೇಲೆ ಅರ್ಧ ಹೇಳುವುದು ಅವರಿಗೆ ಆಗದ ಕೆಲಸ.

ಪುಟ್ಟಬಸಮ್ಮ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ಪೂರ್ತಿ ಕೇಳಿದಳು.

“ಮೀಟ್ರಿಗೆ ಎಲ್ಡು ಬೆಳ್ಳಾ?”

“ಎರಡು ಬೆರಳು.”

“ಕೊನ್ಗೊಂದು ಗೇಣಾ?”

“ಒಂದು ಗೇಣು. ನಾನೇ ಕಣ್ಣಾರೆ ಕಂಡೆ.”

ಅವಳು ಚೀಲವನ್ನು ಬಗಲಿಗೇರಿಸಿ ಬಸ್ಸಿನಿಂದಿಳಿದಳು. ಮೊಮ್ಮಗಳ ಲಂಗಕ್ಕೆ ಬಟ್ಟೆ ಬೇಕೆಂದಳು. ಆ ಅಂಗಡಿ ಎಲ್ಲಿ ಬರುತ್ತದೆಂದು ರಾಜಣ್ಣನನ್ನೇ ಕೇಳಿದಳು. ಅವಳ ಹಿಂದೆ ಇನ್ನೂ ಇಬ್ಬರು ಹೆಂಗಸರು ಇಳಿದರು. ಎಲ್ಲಿಗೆ ಹೋಗುತ್ತೀರೆಂದು ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

“ಬಸ್ಸು ಓದ್ರೆ ಓಗ್ಲಿ ಬುಡು,” ಎಂದಳು ಪುಟ್ಟಬಸಮ್ಮ, ತಿರುಗಿಯೂ ನೋಡದೆ. ಆಮೇಲೆ ಏನೋ ನೆನಪಾದವಳಂತೆ ರಾಜಣ್ಣನ ಕಡೆ ಬೆರಳು ತೋರಿಸಿದಳು. “ಬತ್ತಾ ನಿನ್ ಅಂಗ್ಡಿಗೂ ಬತ್ತೀನಿ ಕಣ್ಲಾ. ಆ ಬಲ್ಬು ಮಡಗಿರು. ಅದ್ಕೇನು ಕೊಸರು ಕೊಟ್ಟೀಯೋ, ಈಗ್ಲೇ ಯೋಚ್ನೆ ಮಾಡ್ಕೊ.”